ಪಾಳಿ ಬದಲಾಗುವ ಹೊತ್ತಿನಲ್ಲಿ ವಿಮಾನದ ಬಿಡಿಭಾಗಗಳು

ವಿಮಾನದ ದುರಸ್ತಿ ಒಂದೇ ಪಾಳಿಯಲ್ಲಿ ಮುಗಿಯುವುದು ಕಡಿಮೆ. ಸಂಜೆಯವರು ಬಿಚ್ಚುತ್ತಾರೆ, ರಾತ್ರಿಯವರು ಜೋಡಿಸುತ್ತಾರೆ. ನಡುವೆ ಕೆಲಸವನ್ನು ಒಪ್ಪಿಸಿಕೊಡುವುದಕ್ಕೆ ಶಿಫ್ಟ್ ಹ್ಯಾಂಡೋವರ್ ಎನ್ನುತ್ತಾರೆ. ಯಾವ ಭಾಗ ಬಿಚ್ಚಿದೆ, ಯಾವುದನ್ನು ಹಾಕಬೇಕು ಎಂಬ ವಿಷಯದಲ್ಲಿ ತಪ್ಪು ನುಸುಳಲು ಆ ಹೊತ್ತು ಸಾಕು.

ಸರಿಯಾದ ಭಾಗ ಯಾವುದೆಂದು ತಿಳಿಯುವುದು ಹೇಗೆ? ಪ್ರತಿಯೊಂದಕ್ಕೂ ಪಾರ್ಟ್ ನಂಬರ್ ಇರುತ್ತದೆ. ಯಾವ ಜಾಗಕ್ಕೆ ಯಾವ ನಂಬರು ಎಂಬುದನ್ನು ಐಪಿಸಿ, ಅಂದರೆ ತಯಾರಕರು ಕೊಡುವ ಸಚಿತ್ರ ಬಿಡಿಭಾಗಗಳ ಪಟ್ಟಿ, ಹೇಳುತ್ತದೆ. ಒಂದೇ ಮಾದರಿಯ ಎರಡು ವಿಮಾನಗಳಿಗೂ ಕೆಲವೊಮ್ಮೆ ನಂಬರು ಬೇರೆ. ಭಾಗದ ಜೊತೆ ಅದರ ಅರ್ಹತಾ ಪತ್ರವೂ ಬರಬೇಕು. ಭಾರತದಲ್ಲಿ ಅದು ಸಿಎ ಫಾರ್ಮ್ 1.

ಹಳೆಯದನ್ನು ಕೈಯಲ್ಲಿ ಹಿಡಿದು ಅಂಥದ್ದನ್ನೇ ಹುಡುಕಿ ಹಾಕಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್‌ನ 5390 ಸಂಖ್ಯೆಯ ವಿಮಾನದ ಮುಂಗಾಜು ಸುಮಾರು 17,300 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ ಎಳೆಯಲ್ಪಟ್ಟರೂ ಬದುಕಿದರು. ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಹಾರಾಟಕ್ಕೆ ಸುಮಾರು 27 ಗಂಟೆ ಮೊದಲು ರಾತ್ರಿ ಪಾಳಿಯಲ್ಲಿ ಗಾಜು ಬದಲಿಸಿದವರು ಬೋಲ್ಟ್‌ಗಳನ್ನು ಕಣ್ಣಳತೆಯಲ್ಲೇ ಆರಿಸಿದ್ದರು. 90ರಲ್ಲಿ 84 ಬೋಲ್ಟ್‌ಗಳ ವ್ಯಾಸ ಬೇಕಾದದ್ದಕ್ಕಿಂತ 0.026 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ, ಸಣ್ಣದಾಗಿತ್ತು. ಇನ್ನೊಂದು ಮಾತು: ಬಿಚ್ಚಿ ತೆಗೆದ ಹಳೆಯ ಬೋಲ್ಟ್‌ಗಳೇ ನಿಗದಿಗಿಂತ ಗಿಡ್ಡವಾಗಿದ್ದವು. ಹಳೆಯ ಭಾಗವನ್ನೂ ನಂಬುವಂತಿಲ್ಲ.

ಅಲ್ಲಿ ಒಬ್ಬರೇ ಎಲ್ಲ ಮಾಡಿದ್ದರು. ಕೈ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ 1991ರ ಸೆಪ್ಟೆಂಬರ್ 11ರಂದು ಅಮೆರಿಕದ ಟೆಕ್ಸಸ್‌ನಲ್ಲಿ ಬಿದ್ದ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ 2574 ವಿಮಾನವನ್ನು ನೋಡಿ. ಬಾಲದ ಅಡ್ಡರೆಕ್ಕೆಗೆ ಮಂಜುಗಡ್ಡೆ ಉದುರಿಸುವ ರಬ್ಬರ್ ಹೊದಿಕೆ ಬದಲಿಸುವ ಕೆಲಸ ನಡೆದಿತ್ತು. ಸಂಜೆ ಪಾಳಿಯವರು ಎಡಬದಿಯ ಮೇಲ್ಭಾಗದ 47 ಸ್ಕ್ರೂ ತೆಗೆದಿದ್ದರು. ರಾತ್ರಿಯ ತಪಾಸಕರು ಬೇಗ ಬಂದು ಹ್ಯಾಂಡೋವರ್ ಹಾಳೆ ಓದಿದಾಗ ಆ ವಿಷಯ ಅದರಲ್ಲಿ ಇನ್ನೂ ಬರೆದಿರಲಿಲ್ಲ. ರಾತ್ರಿಯವರು ಬಲಬದಿ ಮಾತ್ರ ಮುಗಿಸಿದರು. ಸ್ಕ್ರೂಗಳಿಲ್ಲದೆಯೇ ವಿಮಾನ ಹಾರಿತು. ಅದರಲ್ಲಿದ್ದ 14 ಜನರೂ ಸತ್ತರು. ಹಾಳೆ ಇರಲಿಲ್ಲ ಎನ್ನುವಂತಿಲ್ಲ. ಬರೆಯುವ ಮೊದಲೇ ಓದಿಯಾಗಿತ್ತು, ಅಷ್ಟೇ.

ಆದ್ದರಿಂದ ಒಳ್ಳೆಯ ಹ್ಯಾಂಡೋವರ್ ಬರಹದಲ್ಲಿ ಮುಗಿಯುವುದಿಲ್ಲ. ಹೋಗುವವರೂ ಬರುವವರೂ ವಿಮಾನದ ಬಳಿಯೇ ನಿಂತು, ಬಿಚ್ಚಿದ ಜಾಗವನ್ನು ತೋರಿಸಿ ಮಾತಾಡಬೇಕು. ಟಾಸ್ಕ್ ಕಾರ್ಡ್, ಅಂದರೆ ಕೆಲಸದ ಹಂತಗಳ ಚೀಟಿಯಲ್ಲಿ, ತೆಗೆದದ್ದನ್ನು ತೆಗೆದ ಕೂಡಲೇ ಬರೆಯಬೇಕು. ಪಾಳಿ ಮುಗಿಯುವಾಗ ನೆನಪಿಸಿಕೊಂಡಲ್ಲ. ಸ್ಕ್ರೂಗಳನ್ನು ಚೀಲಕ್ಕೆ ಹಾಕಿ, ವಿಮಾನದ ನೋಂದಣಿ ಸಂಖ್ಯೆ ಮತ್ತು ಜಾಗ ಬರೆದ ಚೀಟಿ ಕಟ್ಟಬೇಕು. ಹೊಸ ಭಾಗ ಮೇಜಿನ ಮೇಲೆ ಸಿದ್ಧವಾಗಿದ್ದರೂ ಬಂದವರು ಐಪಿಸಿ ತೆರೆದು ನಂಬರನ್ನು ತಾವೇ ತಾಳೆ ನೋಡಬೇಕು. ಇದನ್ನು ಸಹೋದ್ಯೋಗಿಯ ಮೇಲಿನ ಅಪನಂಬಿಕೆ ಎಂದುಕೊಳ್ಳುವ ಹ್ಯಾಂಗರುಗಳಲ್ಲಿ, ಅಂದರೆ ವಿಮಾನ ದುರಸ್ತಿಯ ಶೆಡ್ಡುಗಳಲ್ಲಿ, ನಿಯಮ ಎಷ್ಟಿದ್ದರೂ ಉಪಯೋಗವಿಲ್ಲ ಎಂಬುದು ನನ್ನ ಅಭಿಪ್ರಾಯ.

ಖರ್ಚು? ಯಂತ್ರವೇನೂ ಬೇಡ. ಎರಡೂ ಪಾಳಿಯವರು ಸ್ವಲ್ಪ ಹೊತ್ತು ಒಟ್ಟಿಗಿರಬೇಕು. ಆ ಹೊತ್ತಿಗೆ ಇಬ್ಬರಿಗೂ ಸಂಬಳ ಕೊಡಬೇಕು. ಸಂಸ್ಥೆಗಳು ಉಳಿತಾಯಕ್ಕೆ ಕೈಹಾಕುವುದೂ ಇಲ್ಲೇ.

ಭಾರತದಲ್ಲಿ ಬಿಡಿಭಾಗ ಮತ್ತು ಹ್ಯಾಂಡೋವರ್ ಕುರಿತ ನಿಯಮಗಳು ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಸಿಎಆರ್-145ರಲ್ಲಿವೆ. ಡಿಜಿಸಿಎ ಜಾಲತಾಣದಲ್ಲಿ ಅವನ್ನು ಹಣ ಕೊಡದೆ ಓದಬಹುದು. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಸಿಎಪಿ 716 ಎಂಬ ಕೈಪಿಡಿಯಲ್ಲಿ ಹ್ಯಾಂಡೋವರ್ ವಿಧಾನ ಇನ್ನಷ್ಟು ವಿವರವಾಗಿದೆ. ಮನೆಯಲ್ಲಿ ಯಾರಾದರೂ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್ ಪರೀಕ್ಷೆಗೆ ಓದುತ್ತಿದ್ದರೆ ಎರಡನ್ನೂ ತೋರಿಸಿ.