ಮಾಲ್ಟನ್‌ನ ನೈಟ್‌ಕ್ಲಬ್‌ಗಳು (ಅರ್ಬನ್ ಡೆಡ್)

ಮಾಲ್ಟನ್‌ನ ನೈಟ್‌ಕ್ಲಬ್‌ಗಳು 'ಅರ್ಬನ್ ಡೆಡ್' ಎಂಬ ಅಂತರಜಾಲ ಆಟದಲ್ಲಿ ಬರುವ ಪಾಳುಬಿದ್ದ ಕಟ್ಟಡಗಳ ಒಂದು ವರ್ಗ. ಬ್ರಿಟನ್ನಿನ ಕೆವನ್ ಡೇವಿಸ್ ರೂಪಿಸಿದ ಈ ಆಟವು 2005ರ ಜುಲೈಯಲ್ಲಿ ಆರಂಭಗೊಂಡಿತು. ದೀಪವಿಲ್ಲದಿದ್ದರೆ ಒಳಗೆ ಸಂಪೂರ್ಣ ಕತ್ತಲೆ ಕವಿದಿರುವುದು ಈ ಕಟ್ಟಡಗಳ ಮುಖ್ಯ ಲಕ್ಷಣ.

ಹಿನ್ನೆಲೆ

ಮಾಲ್ಟನ್ ಒಂದು ಕಾಲ್ಪನಿಕ ನಗರ. ಜೋಂಬಿಗಳು, ಅಂದರೆ ಸತ್ತು ಮತ್ತೆ ಎದ್ದು ನಡೆದಾಡುವ ಶವಗಳು, ಕಾಣಿಸಿಕೊಂಡ ನಂತರ ಸೈನ್ಯವು ನಗರವನ್ನು ಹೊರಜಗತ್ತಿನಿಂದ ಪ್ರತ್ಯೇಕಿಸಿದೆ ಎಂಬುದು ಕಥಾವಸ್ತು. ನಗರದಲ್ಲಿ 100 ಬಡಾವಣೆಗಳಿದ್ದು, ಪ್ರತಿಯೊಂದರಲ್ಲೂ 100 ಚೌಕಗಳಿವೆ. ಆಟವು ಬಹುಮಟ್ಟಿಗೆ ಬರಹದ ರೂಪದಲ್ಲಿದ್ದುದರಿಂದ ಇಲ್ಲಿನ ನೈಟ್‌ಕ್ಲಬ್‌ನಲ್ಲಿ ಸಂಗೀತವಾಗಲಿ ಬಣ್ಣದ ಬೆಳಕಾಗಲಿ ಇರಲಿಲ್ಲ. ಕೆಲವು ವಾಕ್ಯಗಳ ವರ್ಣನೆ ಮಾತ್ರ ಇರುತ್ತಿತ್ತು.

ಕತ್ತಲೆಯ ನಿಯಮ

ಬ್ಯಾಂಕ್ ಮತ್ತು ಚಿತ್ರಮಂದಿರಗಳಂತೆ ನೈಟ್‌ಕ್ಲಬ್ ಕೂಡ 'ಕತ್ತಲೆ ಕಟ್ಟಡ'ಗಳ ಗುಂಪಿಗೆ ಸೇರಿತ್ತು. ಕತ್ತಲೆಯಲ್ಲಿ ಏಟು ಗುರಿ ತಲುಪುವ ಸಾಧ್ಯತೆ ಅರ್ಧಕ್ಕೆ ಇಳಿಯುತ್ತಿತ್ತು. ಈ ನಿಯಮವು ಮನುಷ್ಯರಿಗೂ ಜೋಂಬಿಗಳಿಗೂ ಸಮಾನವಾಗಿ ಅನ್ವಯಿಸುತ್ತಿತ್ತು. ವಸ್ತುಗಳನ್ನು ಹುಡುಕುವುದೂ ಕಷ್ಟವಾಗುತ್ತಿತ್ತು. ಜನರೇಟರ್ ತಂದು ಇಂಧನ ತುಂಬಿದರೆ ಬೆಳಕು ಬರುತ್ತಿತ್ತು.

ಆಶ್ರಯ ಮತ್ತು ಅಪಾಯ

ಆಟಗಾರನಿಗೆ ಅರ್ಧ ಗಂಟೆಗೊಂದರಂತೆ ಗರಿಷ್ಠ 50 ಕ್ರಿಯಾಂಕಗಳು ದೊರೆಯುತ್ತಿದ್ದವು. ಅವು ಮುಗಿದ ಮೇಲೆ ಆಟಗಾರ ಹೊರಟುಹೋದರೂ ಅವನ ಪಾತ್ರ ಅದೇ ಸ್ಥಳದಲ್ಲಿ ಉಳಿಯುತ್ತಿತ್ತು. ಆದ್ದರಿಂದ ಎಲ್ಲಿ ಮಲಗಬೇಕು ಎಂಬುದೇ ಬದುಕುಳಿದವರ ದೊಡ್ಡ ಪ್ರಶ್ನೆಯಾಗಿತ್ತು. ಔಷಧವಾಗಲಿ ಗುಂಡುಮದ್ದಾಗಲಿ ಬೇಕಾದವರು ಆಸ್ಪತ್ರೆ, ಪೊಲೀಸ್ ಠಾಣೆಗಳನ್ನು ಅರಸುತ್ತಿದ್ದರು. ನೈಟ್‌ಕ್ಲಬ್‌ನ ಬೆಲೆ ಅಡಗುವವನಿಗೆ ಮಾತ್ರ ತಿಳಿಯುತ್ತಿತ್ತು. ಬಾಗಿಲಿಗೆ ಅಡ್ಡಗಟ್ಟೆ ಹಾಕಿ ಕತ್ತಲೆಯಲ್ಲಿ ಮಲಗಿದವನನ್ನು ಕೊಲ್ಲಲು ವೈರಿಯು ಹೆಚ್ಚು ಕ್ರಿಯಾಂಕಗಳನ್ನು ವ್ಯಯಿಸಬೇಕಾಗುತ್ತಿತ್ತು. ದೀಪ ಹಚ್ಚಿದರೆ ಈ ರಕ್ಷಣೆ ಇಲ್ಲವಾಗುತ್ತಿತ್ತು; ಬೆಳಗಿದ ಕಿಟಕಿಗಳು ಒಳಗೆ ಜನರಿದ್ದಾರೆಂಬ ಸುಳಿವನ್ನೂ ಹೊರಗಿನವರಿಗೆ ನೀಡುತ್ತಿದ್ದವು.

ಆದರೆ ಕತ್ತಲೆ ಎಂದೆಂದಿಗೂ ಮಿತ್ರನಾಗಿರಲಿಲ್ಲ. ಜೋಂಬಿಗಳು ಹಾಳುಗೆಡವಿದ ನೈಟ್‌ಕ್ಲಬ್ಬನ್ನು ದುರಸ್ತಿ ಮಾಡಲು ಮೊದಲು ಬೆಳಕು ಬೇಕಾಗಿತ್ತು. ಭಾರವಾದ ಜನರೇಟರ್ ಮತ್ತು ಇಂಧನವನ್ನು ಯಾರಾದರೂ ಹೊತ್ತು ತರುವವರೆಗೆ ಕಟ್ಟಡ ಪಾಳಾಗಿಯೇ ಉಳಿಯುತ್ತಿತ್ತು. ಒಬ್ಬನನ್ನು ಅಡಗಿಸಿ ಕಾಪಾಡುವ ಕತ್ತಲೆಯೇ ಬಡಾವಣೆಯ ಪುನರ್ನಿರ್ಮಾಣಕ್ಕೆ ಅಡ್ಡಿಯಾಗುತ್ತಿತ್ತು.

ಮುಕ್ತಾಯ

ಬ್ರಿಟನ್ನಿನ ಆನ್‌ಲೈನ್ ಸುರಕ್ಷತಾ ಕಾಯ್ದೆಯ ಹೊಣೆಗಾರಿಕೆಗಳ ಕಾರಣದಿಂದ 2025ರ ಮಾರ್ಚ್‌ನಲ್ಲಿ ಆಟವನ್ನು ಸ್ಥಗಿತಗೊಳಿಸಲಾಯಿತು. ಅದರೊಂದಿಗೆ ಸುಮಾರು ಇಪ್ಪತ್ತು ವರ್ಷಗಳ ಕಾಲ ಆಟಗಾರರು ಕಾದುಕೊಂಡ, ಕಳೆದುಕೊಂಡ ಮಾಲ್ಟನ್ ನಗರವೂ ಇಲ್ಲವಾಯಿತು.