ಭದ್ರಾ ಹಿನ್ನೀರು

ಭದ್ರಾ ಹಿನ್ನೀರು ಕರ್ನಾಟಕದ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಗಡಿಯಲ್ಲಿ, ಭದ್ರಾ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಹಿಂದೆ ಹರಡಿಕೊಂಡಿರುವ ಸಿಹಿನೀರಿನ ಜಲರಾಶಿಯಾಗಿದೆ. ಭದ್ರಾವತಿ ನಗರದಿಂದ ಸುಮಾರು 20 ಕಿ.ಮೀ. ದೂರದಲ್ಲಿರುವ ಇದರ ಒಂದು ಮಗ್ಗುಲಿಗೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡು ಚಾಚಿಕೊಂಡಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳಲ್ಲಿ ನದಿ ರೀವ ಎಂಬ ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ನೀರಾವರಿಗಾಗಿ ನಿರ್ಮಿಸಿದ ಜಲಾಶಯವೊಂದು ಅಪಾಯದಂಚಿನ ಹಕ್ಕಿಗೆ ನೆಲೆಯಾಗಿರುವುದು ಈ ಸ್ಥಳದ ವೈಶಿಷ್ಟ್ಯವಾಗಿದೆ.

ನದಿ ಮತ್ತು ಅಣೆಕಟ್ಟು

ಭದ್ರಾ ನದಿಯು ಪಶ್ಚಿಮ ಘಟ್ಟದ ವರಾಹ ಪರ್ವತ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುತ್ತದೆ. ಕಳಸ ಮತ್ತು ಬಾಳೆಹೊನ್ನೂರಿನ ಮೂಲಕ ಹರಿದು ಲಕ್ಕವಳ್ಳಿಯ ಬಳಿ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಹೊರಬಿದ್ದು ಭದ್ರಾವತಿಯನ್ನು ಹಾದು, ಶಿವಮೊಗ್ಗ ಸಮೀಪದ ಕೂಡ್ಲಿಯಲ್ಲಿ ತುಂಗೆಯೊಡನೆ ಕೂಡಿ ತುಂಗಭದ್ರೆಯಾಗುತ್ತದೆ.

ಅಣೆಕಟ್ಟು 1965ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಸಂಗ್ರಹ ಸಾಮರ್ಥ್ಯ ಸುಮಾರು 71.5 ಟಿಎಂಸಿ ಅಡಿ. ಅಣೆಕಟ್ಟಿನ ಒಂದು ಬದಿಯ ಲಕ್ಕವಳ್ಳಿಯು ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿಗೆ ಸೇರಿದೆ. ಯೋಜನೆಗಾಗಿ ಬೆಳೆದ ಬಿ.ಆರ್. ಪ್ರಾಜೆಕ್ಟ್ ಊರು ಭದ್ರಾವತಿ ತಾಲ್ಲೂಕಿನಲ್ಲಿದ್ದು, ಅದರ ಸಮೀಪದ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯವಿದೆ.

ಎಡದಂಡೆ ಮತ್ತು ಬಲದಂಡೆ ನಾಲೆಗಳ ಮೂಲಕ ಹರಿಯುವ ನೀರು ಶಿವಮೊಗ್ಗ, ಚಿಕ್ಕಮಗಳೂರು ಹಾಗೂ ದಾವಣಗೆರೆ ಜಿಲ್ಲೆಗಳ ಭತ್ತದ ಗದ್ದೆಗಳನ್ನೂ ಅಡಿಕೆ ತೋಟಗಳನ್ನೂ ತಣಿಸುತ್ತದೆ. ಜಲವಿದ್ಯುತ್ ಉತ್ಪಾದನೆಯೂ ಇಲ್ಲಿ ನಡೆಯುತ್ತದೆ.

ನೀರಿನ ಮಟ್ಟದ ಏರಿಳಿತ

ಸಹಜ ಸರೋವರಗಳಿಗೆ ಹೋಲಿಸಿದರೆ ಜಲಾಶಯದ ದಡ ಸ್ಥಿರವಾಗಿರುವುದಿಲ್ಲ. ಮುಂಗಾರಿನಲ್ಲಿ ಘಟ್ಟದ ಮೇಲೆ ಸುರಿಯುವ ಮಳೆಯಿಂದ ನೀರು ಏರಿ, ಒಳ್ಳೆಯ ಮಳೆಯ ವರ್ಷಗಳಲ್ಲಿ ಜುಲೈ ಅಥವಾ ಆಗಸ್ಟ್ ವೇಳೆಗೆ ಗರಿಷ್ಠ ಮಟ್ಟದ ಸಮೀಪಕ್ಕೆ ಬರುತ್ತದೆ. ಬೇಸಿಗೆ ಬೆಳೆಗೆ ನಾಲೆಗಳಲ್ಲಿ ನೀರು ಹರಿಸಿದಂತೆ ಮಟ್ಟ ದಿನೇ ದಿನೇ ಇಳಿಯುತ್ತದೆ.

ಮುಳುಗಡೆಯಾದ ಕಣಿವೆಯಲ್ಲಿ ಹಿಂದೆ ಇದ್ದ ಗುಡ್ಡಗಳ ನೆತ್ತಿಗಳು ಈ ಇಳಿತದಲ್ಲಿ ನಡುಗಡ್ಡೆಗಳಾಗಿ ಕಾಣಿಸಿಕೊಳ್ಳುತ್ತವೆ. ವರ್ಷದ ಹಲವು ತಿಂಗಳು ನೀರಿನಡಿಯಲ್ಲಿರುವುದರಿಂದ ಇವುಗಳ ಮೇಲೆ ಮರಗಳು ಬೆಳೆಯುವುದಿಲ್ಲ; ಕಲ್ಲು, ಜಲ್ಲಿ ಮತ್ತು ಬಿರುಕುಬಿಟ್ಟ ಮಣ್ಣಷ್ಟೇ ಉಳಿಯುತ್ತದೆ. ಮನುಷ್ಯನ ಕಣ್ಣಿಗೆ ಬರಡಾಗಿ ತೋರುವ ಈ ನೆಲವೇ ನದಿ ರೀವಗಳಿಗೆ ಬೇಕಾದುದು.

ನದಿ ರೀವ

ರಿವರ್ ಟರ್ನ್ ಎಂದೂ ಕರೆಯಲಾಗುವ ನದಿ ರೀವದ ವೈಜ್ಞಾನಿಕ ಹೆಸರು ಸ್ಟರ್ನಾ ಔರಾಂಶಿಯಾ. ಇದನ್ನು 1831ರಲ್ಲಿ ಜಾನ್ ಎಡ್ವರ್ಡ್ ಗ್ರೇ ವೈಜ್ಞಾನಿಕವಾಗಿ ವಿವರಿಸಿದನು. ಕಡಲಹಕ್ಕಿಗಳನ್ನು ಒಳಗೊಂಡ ಲಾರಿಡೇ ಕುಟುಂಬಕ್ಕೆ ಸೇರಿದ್ದರೂ ಇದು ಒಳನಾಡಿನ ಸಿಹಿನೀರನ್ನೇ ನೆಚ್ಚಿಕೊಂಡಿರುವ ಹಕ್ಕಿ.

ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 38ರಿಂದ 46 ಸೆಂ.ಮೀ. ಉದ್ದವಿರುತ್ತದೆ. ಬೆನ್ನು ಬೂದು ಬಣ್ಣ, ಹೊಟ್ಟೆ ಬಿಳಿ, ಕೊಕ್ಕು ಹಳದಿ, ಕಾಲುಗಳು ಕೆಂಪು. ಸಂತಾನೋತ್ಪತ್ತಿಯ ಕಾಲದಲ್ಲಿ ನೆತ್ತಿಯು ಟೋಪಿ ತೊಟ್ಟಂತೆ ಕಪ್ಪಾಗಿರುತ್ತದೆ. ರೆಕ್ಕೆಗಳು ನೀಳವೂ ಚೂಪೂ ಆಗಿದ್ದು, ಕವಲೊಡೆದ ಬಾಲದ ಅಂಚಿನ ಗರಿಗಳು ಉದ್ದವಾಗಿ ಚಾಚಿರುತ್ತವೆ. ಗಂಡು ಮತ್ತು ಹೆಣ್ಣು ನೋಡಲು ಒಂದೇ ರೀತಿ ಇರುತ್ತವೆ. ನೀರಿನ ಮೇಲೆ ಹಾರಾಡುತ್ತ ಮೀನನ್ನು ಕಂಡೊಡನೆ ಧುಮುಕಿ ಹಿಡಿಯುವುದು ಇದರ ಬೇಟೆಯ ಕ್ರಮ. ಏಡಿ, ಸಿಗಡಿ, ಗೊದಮೊಟ್ಟೆ ಮತ್ತು ನೀರಿನ ಕೀಟಗಳನ್ನೂ ತಿನ್ನುತ್ತದೆ.

ನದಿ ರೀವ ಮರದಲ್ಲಿ ಗೂಡು ಕಟ್ಟುವುದಿಲ್ಲ. ನೆಲದ ಮೇಲೆ ಸಣ್ಣ ತಗ್ಗು ಮಾಡಿಕೊಂಡು ಸಾಮಾನ್ಯವಾಗಿ 3 ಮೊಟ್ಟೆಗಳನ್ನು ಇಡುತ್ತದೆ. ಕಂದು ಮಚ್ಚೆಗಳಿರುವ ಮೊಟ್ಟೆಗಳು ಸುತ್ತಲಿನ ಕಲ್ಲುಗಳ ನಡುವೆ ಸುಲಭವಾಗಿ ಗುರುತಿಗೆ ಸಿಗುವುದಿಲ್ಲ. ನೆರಳೇ ಇಲ್ಲದ ಬಂಡೆಯ ಮೇಲೆ ಮಾರ್ಚ್–ಏಪ್ರಿಲ್ ತಿಂಗಳ ಬಿಸಿಲು ಕಾಯುವಾಗ ಹಕ್ಕಿಗಳು ಮೊಟ್ಟೆಗಳಿಗೆ ಕಾವು ಕೊಡುವುದಕ್ಕಿಂತ ಹೆಚ್ಚಾಗಿ ನೆರಳು ಕೊಡಬೇಕಾಗುತ್ತದೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುವುದೂ ಉಂಟು. ಆದ್ದರಿಂದ ಬೆದರಿ ಎದ್ದ ಹಕ್ಕಿ ಬೇಗ ಮರಳದಿದ್ದರೆ ಮೊಟ್ಟೆಗಳು ಬಿಸಿಲಿಗೆ ಕೆಡುತ್ತವೆ ಅಥವಾ ಕಾಗೆ, ಹದ್ದುಗಳ ಪಾಲಾಗುತ್ತವೆ.

ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ನದಿಗಳುದ್ದಕ್ಕೂ ಕಾಣಸಿಗುತ್ತಿದ್ದ ಈ ಹಕ್ಕಿ ಮೆಕಾಂಗ್ ಮುಂತಾದ ನದಿಗಳಲ್ಲಿ ಈಗ ಬಹಳ ವಿರಳವಾಗಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೊಳಗಾಗಬಲ್ಲ ಪ್ರಭೇದಗಳ ವರ್ಗದಲ್ಲಿ ಸೇರಿಸಿದೆ. ಅಣೆಕಟ್ಟುಗಳು ಮತ್ತು ಮರಳುಗಾರಿಕೆಯಿಂದ ನದಿಯ ಮರಳುದಿಣ್ಣೆಗಳು ಇಲ್ಲವಾಗುತ್ತಿರುವುದು ಇಳಿಕೆಗೆ ಮುಖ್ಯ ಕಾರಣಗಳಲ್ಲೊಂದು. ಬೇರೆಡೆ ಹಕ್ಕಿಯ ನೆಲೆಯನ್ನು ಕಸಿದ ಅಣೆಕಟ್ಟೆಂಬ ರಚನೆಯೇ ಲಕ್ಕವಳ್ಳಿಯಲ್ಲಿ ಅದಕ್ಕೆ ಬದಲಿ ನೆಲೆಯನ್ನು ಒದಗಿಸಿದೆ.

ಸುತ್ತಲಿನ ಅರಣ್ಯ ಮತ್ತು ವನ್ಯಜೀವಿಗಳು

ಹಿನ್ನೀರಿಗೆ ತಾಗಿದ ಕಾಡಿನ ಒಂದು ಭಾಗವನ್ನು 1951ರಲ್ಲಿ ಅಂದಿನ ಮೈಸೂರು ಸರ್ಕಾರವು ಜಾಗರ ಕಣಿವೆ ವನ್ಯಧಾಮವೆಂದು ಘೋಷಿಸಿತು. 1974ರಲ್ಲಿ ಲಕ್ಕವಳ್ಳಿಯ ಅರಣ್ಯವನ್ನೂ ಸೇರಿಸಿ ಭದ್ರಾ ವನ್ಯಜೀವಿ ಅಭಯಾರಣ್ಯವೆಂದು ಹೆಸರಿಸಲಾಯಿತು. 1998ರಲ್ಲಿ ಇದು ಹುಲಿ ಯೋಜನೆಯ ವ್ಯಾಪ್ತಿಗೆ ಬಂದಿತು. ಮುತ್ತೋಡಿ ಮತ್ತು ಲಕ್ಕವಳ್ಳಿ ಇದರ ಪ್ರಮುಖ ವಲಯಗಳು. 1,875 ಮೀಟರ್ ಎತ್ತರದ ಕಲ್ಲತ್ತಿಗಿರಿ ಇಲ್ಲಿನ ಅತಿ ಎತ್ತರದ ಶಿಖರ.

ತೇಗ, ಬೀಟೆ, ಮತ್ತಿ, ಹೊನ್ನೆ, ನಂದಿ ಹಾಗೂ ಬಿದಿರು ಇಲ್ಲಿನ ಮುಖ್ಯ ಸಸ್ಯಗಳು. ಹುಲಿ, ಚಿರತೆ, ಸೀಳುನಾಯಿ, ಕರಡಿ, ಕಾಡುಕೋಣ, ಕಡವೆ, ಜಿಂಕೆ ಮತ್ತು ಕಾಡುಕುರಿಗಳು ವಾಸಿಸುತ್ತವೆ. ಬೇಸಿಗೆಯಲ್ಲಿ ಕಾಡಿನೊಳಗಿನ ಹಳ್ಳಗಳು ಬತ್ತಿದಾಗ ಆನೆಗಳ ಹಿಂಡುಗಳು ಹಿನ್ನೀರಿನ ದಡಕ್ಕೆ ಬರುತ್ತವೆ. ನೀರು ಸರಿದ ಜಾಗದಲ್ಲಿ ಚಿಗುರುವ ಹುಲ್ಲು ಅವುಗಳಿಗೂ ಜಿಂಕೆಗಳಿಗೂ ಮೇವಾಗುತ್ತದೆ. ನೀರುನಾಯಿ ಮತ್ತು ಮೊಸಳೆಗಳಲ್ಲದೆ ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ ಮತ್ತು ಮಿಂಚುಳ್ಳಿಗಳೂ ಈ ನೀರನ್ನು ಅವಲಂಬಿಸಿವೆ.

ಜನರ ಸ್ಥಳಾಂತರ

ಈ ಪ್ರದೇಶದ ಇತಿಹಾಸದಲ್ಲಿ ಎರಡು ಬಾರಿ ಜನರು ನೆಲೆ ಬಿಡಬೇಕಾಯಿತು. ಮೊದಲನೆಯದು ಜಲಾಶಯದ ಮುಳುಗಡೆಯ ಕಾಲದ್ದು. ಎರಡನೆಯದು ಅಭಯಾರಣ್ಯದೊಳಗಿನ ಹಳ್ಳಿಗಳದ್ದು. ಆನೆ, ಕಾಡುಕೋಣಗಳಿಂದ ಬೆಳೆಹಾನಿ, ಶಾಲೆ ಮತ್ತು ಆಸ್ಪತ್ರೆಗಳ ದೂರ ಇವುಗಳಿಂದ ಬೇಸತ್ತ ನಿವಾಸಿಗಳು ಹಾಗೂ ಅರಣ್ಯ ಇಲಾಖೆಯ ನಡುವೆ ದೀರ್ಘಕಾಲ ಮಾತುಕತೆ ನಡೆಯಿತು. 2002ರ ಸುಮಾರಿಗೆ 400ಕ್ಕೂ ಹೆಚ್ಚು ಕುಟುಂಬಗಳು ಅರಣ್ಯದಿಂದ ಹೊರಬಂದು, ಹೆಚ್ಚಿನವು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದವು. ನೀರಾವರಿ ಜಮೀನು ಮತ್ತು ಮನೆಗಳನ್ನು ಒದಗಿಸಿದ ಈ ಪುನರ್ವಸತಿಯನ್ನು ಭಾರತದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಯಶಸ್ವಿಯಾದ ಕೆಲವೇ ಉದಾಹರಣೆಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ.

ಸಂರಕ್ಷಣೆಯ ಸವಾಲುಗಳು

ನದಿ ರೀವಗಳ ಸಂತಾನೋತ್ಪತ್ತಿಯು ನೀರಿನ ಮಟ್ಟವನ್ನು ನೇರವಾಗಿ ಅವಲಂಬಿಸಿದೆ. ಮಟ್ಟ ಸಾಕಷ್ಟು ಇಳಿಯದಿದ್ದರೆ ನಡುಗಡ್ಡೆಗಳು ಹೊರಬರುವುದು ತಡವಾಗುತ್ತದೆ. ತೀರಾ ಇಳಿದರೆ ಅವು ದಡದೊಡನೆ ಕೂಡಿಕೊಂಡು, ನಾಯಿ, ನರಿ ಮತ್ತು ದನಕರುಗಳಿಗೆ ದಾರಿಯಾಗುತ್ತದೆ. ಮರಿಗಳು ಹಾರಲು ಕಲಿಯುವ ಮೊದಲೇ ಮಳೆ ಬಂದು ಒಳಹರಿವು ಹೆಚ್ಚಿದರೆ ಗೂಡುಗಳು ಮುಳುಗುತ್ತವೆ. ತುಂಗಾ ನದಿಯ ಮಂಡಗದ್ದೆ ಪಕ್ಷಿಧಾಮದಲ್ಲಿ ಬೆಳ್ಳಕ್ಕಿ ಮತ್ತು ನೀರುಕಾಗೆಗಳು ಮಳೆಗಾಲದಲ್ಲಿ ಮರಗಳ ಮೇಲೆ ಗೂಡು ಕಟ್ಟುವುದರಿಂದ, ನದಿ ತುಂಬಿ ಹರಿಯುವುದು ಅವುಗಳಿಗೆ ರಕ್ಷಣೆಯೇ ಆಗುತ್ತದೆ. ನೆಲದಲ್ಲಿ ಮೊಟ್ಟೆಯಿಡುವ ರೀವಗಳಿಗೆ ಅದೇ ಏರು ನೀರು ಅಪಾಯಕಾರಿ.

ಜಲಾಶಯದಿಂದ ನೀರು ಬಿಡುವ ವೇಳಾಪಟ್ಟಿ ಅಚ್ಚುಕಟ್ಟು ಪ್ರದೇಶದ ರೈತರ ಅಗತ್ಯ ಮತ್ತು ಕುಡಿಯುವ ನೀರಿನ ಬೇಡಿಕೆಗೆ ಅನುಸಾರವಾಗಿ ನಿರ್ಧಾರವಾಗುತ್ತದೆ. ಇದರೊಂದಿಗೆ ಭದ್ರಾ ಮೇಲ್ದಂಡೆ ಯೋಜನೆಯೂ ಸೇರಿದೆ. ಈ ಯೋಜನೆಯಲ್ಲಿ ತುಂಗಾ ನದಿಯಿಂದ 17.4 ಟಿಎಂಸಿ ಅಡಿ ನೀರನ್ನು ಭದ್ರಾ ಜಲಾಶಯಕ್ಕೆ ತಂದು, ಅಲ್ಲಿಂದ ಒಟ್ಟು 29.9 ಟಿಎಂಸಿ ಅಡಿ ನೀರನ್ನು ಎತ್ತಿ ಚಿತ್ರದುರ್ಗ, ತುಮಕೂರು ಮುಂತಾದ ಬರಪೀಡಿತ ಜಿಲ್ಲೆಗಳಿಗೆ ಒಯ್ಯಲು ಉದ್ದೇಶಿಸಲಾಗಿದೆ. ಬೇಡಿಕೆ ಹೆಚ್ಚಿದಂತೆ ಜಲಾಶಯದ ಮಟ್ಟದ ನಿರ್ವಹಣೆ ರೈತರಿಗಷ್ಟೇ ಅಲ್ಲದೆ ಹಿನ್ನೀರಿನ ಜೀವಿಗಳಿಗೂ ನಿರ್ಣಾಯಕವಾಗುತ್ತದೆ.

ಮೀನುಗಾರಿಕೆಯ ಬಲೆಗಳು ಮತ್ತು ಪ್ರವಾಸಿ ದೋಣಿಗಳ ಓಡಾಟ ಇತರ ಆತಂಕಗಳು. ಲಕ್ಕವಳ್ಳಿಯಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಈ ಹಕ್ಕಿಯ ಹೆಸರಿನಲ್ಲೇ ರಿವರ್ ಟರ್ನ್ ಲಾಡ್ಜ್ ನಡೆಸುತ್ತಿದೆ. ಛಾಯಾಗ್ರಾಹಕರು ಬೇಸಿಗೆಯಲ್ಲಿ ಇಲ್ಲಿಗೆ ಹೆಚ್ಚಾಗಿ ಬರುತ್ತಾರೆ. ದೋಣಿಯನ್ನು ದೂರದಲ್ಲೇ ನಿಲ್ಲಿಸುವುದು ಮತ್ತು ನಡುಗಡ್ಡೆಗಳ ಮೇಲೆ ಇಳಿಯದಿರುವುದು ಗೂಡುಗಳ ಉಳಿವಿಗೆ ಅತ್ಯವಶ್ಯಕವಾಗಿದೆ.

ಇವನ್ನೂ ನೋಡಿ

ಭದ್ರಾ ನದಿ
ಭದ್ರಾ ವನ್ಯಜೀವಿ ಅಭಯಾರಣ್ಯ
ಮಂಡಗದ್ದೆ ಪಕ್ಷಿಧಾಮ
ಗುಡವಿ ಪಕ್ಷಿಧಾಮ
ಸಕ್ರೆಬೈಲು ಆನೆ ಬಿಡಾರ