ಸಿಮೆಂಟ್ ಜಾಲರಿ ಬರೀ ಅಂದಕ್ಕೋ?

ಪ್ರಶ್ನೆ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ 1950–60ರ ದಶಕದ ತಾರಸಿ ಮನೆಗಳನ್ನು ನೋಡುತ್ತಾ ಹೊರಟಿದ್ದೇನೆ. ವರಾಂಡಕ್ಕೆ ಸಿಮೆಂಟ್ ಜಾಲರಿ ಯಾಕೆ ಕೂಡಿಸುತ್ತಿದ್ದರು?

ಉತ್ತರ: ಅಂದಕ್ಕೂ ಹೌದು, ಬಿಸಿಲಿಗೂ ಹೌದು. ಈ ಊರುಗಳಿರುವುದು 14ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆ ಬಿಸಿಲಿಗೆ ಕಿಟಕಿಯ ಮೇಲಿನ ಸಜ್ಜಾ ಸಾಕು. ಇಳಿಹೊತ್ತಿನ ಪಡುವಣ ಬಿಸಿಲು ಹಾಗಲ್ಲ, ಸಜ್ಜಾದ ಕೆಳಗೇ ನುಸುಳಿ ಪಡಸಾಲೆಗೆ ಬರುತ್ತದೆ.

ಜಾಲರಿಯ ಒಂದು ಕಣ್ಣನ್ನು ಹತ್ತಿರದಿಂದ ನೋಡಿ. ಅದರ ಆಳ ಎತ್ತರದಷ್ಟೇ ಇದ್ದರೆ, ಸೂರ್ಯ 45 ಡಿಗ್ರಿಗಿಂತ ಮೇಲಿರುವವರೆಗೆ ನೇರ ಬಿಸಿಲು ಒಳಗೆ ಬೀಳದು. ಆಮೇಲಿನದೂ ಚೂರುಚೂರಾಗಿ, ಕಾವಿ ಬಣ್ಣದ ರೆಡ್ ಆಕ್ಸೈಡ್ ನೆಲದ ಮೇಲೆ ಚಿತ್ತಾರವಾಗಿ ಬೀಳುತ್ತದೆ. ಗಾಳಿಗೆ ಮಾತ್ರ ತಡೆಯೇ ಇಲ್ಲ.

ಅದೇ ದಶಕದಲ್ಲಿ ಚಂಡೀಗಢ ಕಟ್ಟುತ್ತಿದ್ದ ಲ ಕಾರ್ಬ್ಯೂಸಿಯೇ ಕೂಡ ಹೈಕೋರ್ಟಿನ ಮುಂಭಾಗಕ್ಕೆ ಕಾಂಕ್ರೀಟಿನ ಆಳವಾದ ಚೌಕಗಳನ್ನು ಕೂಡಿಸಿ ಬಿಸಿಲು ತಡೆದರು. ನಮಗಂತೂ ಇದು ಹೊಸದಲ್ಲ. ಬೇಲೂರಿನ ಗುಡಿಯ ಕಲ್ಲಿನ ಜಾಲಂಧ್ರ ಮಾಡುವುದೂ ಇದನ್ನೇ. ಕಲ್ಲುಕುಟಿಗನ ಜಾಣತನವನ್ನು ಗೌಂಡಿ ಅಚ್ಚಿನಲ್ಲಿ ಎರಕ ಹೊಯ್ದ ಎಂದೇ ನನಗೆ ಅನಿಸುತ್ತದೆ.

ಸಂಜೆ ನಾಲ್ಕರ ಹೊತ್ತಿಗೆ ಹೋಗಿ. ಮನೆಯವರನ್ನು ಕೇಳಿ, ಚಪ್ಪಲಿ ಬಿಟ್ಟು ಒಳಗೆ ಕಾಲಿಡಿ. ನೆಲದ ತಂಪು ಮೊದಲು ಅಂಗಾಲಿಗೇ ತಿಳಿಯುತ್ತದೆ. ಹೊರಬರುವಾಗ ತಲೆಯೆತ್ತಿ ನೋಡಿ: ಮನೆ ಕಟ್ಟಿದ ಇಸವಿ ತಾರಸಿಯ ಕೈಪಿಡಿಗೋಡೆಯಲ್ಲಿ ಸಿಮೆಂಟಿನಲ್ಲೇ ಮೂಡಿರಬಹುದು.